ಸಹಾಯ ಬೇಕು: ಸ್ಟ್ಯಾಕ್ಸ್ ಕಂಪನಿ ಸಿನಿಮಾದಲ್ಲಿ ಗೆದ್ದಿದ್ದರೆ?
ಕಥೆಯೊಂದು ಬರೆಯುತ್ತಿದ್ದೇನೆ, ಅರ್ಧಕ್ಕೆ ನಿಂತಿದೆ. ಅಮೆರಿಕದ ಮೆಂಫಿಸ್‌ನಲ್ಲಿ ಸೋಲ್ (ಕಪ್ಪು ಅಮೆರಿಕನ್ನರ ಸಂಗೀತ ಶೈಲಿ) ಹಾಡುಗಳನ್ನು ತರುತ್ತಿದ್ದ ರೆಕಾರ್ಡ್ ಕಂಪನಿ ಸ್ಟ್ಯಾಕ್ಸ್ ಗೊತ್ತಲ್ವಾ? 1972ರ ಆಗಸ್ಟ್ 20ಕ್ಕೆ ಲಾಸ್ ಏಂಜಲೀಸ್‌ನ ಕೊಲಿಸಿಯಂ ಕ್ರೀಡಾಂಗಣದಲ್ಲಿ ಟಿಕೆಟ್‌ಗೆ ಬರೀ 1 ಡಾಲರ್ ಇಟ್ಟು ದೊಡ್ಡ ಸಂಗೀತ ಕಾರ್ಯಕ್ರಮ ಮಾಡಿ, ಅದನ್ನೇ ಮರುವರ್ಷ ಸಿನಿಮಾ ಆಗಿ ತೆರೆಗೆ ತಂದವರು. ಅವರ ಗಾಯಕ ಐಸಾಕ್ ಹೇಯ್ಸ್‌ಗೆ ಸಿನಿಮಾ ಹಾಡಿಗೆ ಆಸ್ಕರ್ ಕೂಡ ಬಂದಿತ್ತು. ಆಮೇಲೆ ದೊಡ್ಡ ರೆಕಾರ್ಡ್ ಕಂಪನಿ ಸಿಬಿಎಸ್ ಜೊತೆಗಿನ ವಿತರಣೆ ಒಪ್ಪಂದ ಹಳ್ಳ ಹಿಡಿದು, 1975ರ ಕೊನೆಗೆ ದಿವಾಳಿ.

ನನ್ನ ಕಥೆಯಲ್ಲಿ ಆ ಒಪ್ಪಂದವೇ ಆಗುವುದಿಲ್ಲ, ಸ್ಟ್ಯಾಕ್ಸ್ ಮುಖ್ಯಸ್ಥ ಅಲ್ ಬೆಲ್ ಮೆಂಫಿಸ್‌ನಲ್ಲೇ ಸಿನಿಮಾ ಸ್ಟುಡಿಯೋ ಕಟ್ಟುತ್ತಾರೆ. ಆದರೆ ದುಡ್ಡು ಎಲ್ಲಿಂದ? ಹಳೆ ಹಾಡುಗಳ ಹಕ್ಕು 1968ರಲ್ಲೇ ಹಿಂದಿನ ವಿತರಕರಾದ ಅಟ್ಲಾಂಟಿಕ್ ಕಂಪನಿಯ ಪಾಲಾಗಿತ್ತು. ಥಿಯೇಟರ್‌ನವರಿಂದ ಮುಂಗಡ ತೆಗೆದುಕೊಂಡು ಸಿನಿಮಾ ಮಾಡಿದರೆ ನಂಬುವ ಹಾಗಿರುತ್ತಾ? ವಿತರಣೆ ವ್ಯವಹಾರ ಗೊತ್ತಿರುವವರು ಹೇಳಿ. ಸುಮ್ನೆ ‘ಇನ್ನೊಂದು ರೆಕಾರ್ಡ್ ಕಂಪನಿ ಮೋಟೌನ್ ಸಿನಿಮಾ ಮಾಡಿತ್ತಲ್ಲ’ ಅನ್ನಬೇಡಿ, ಅವರು ಊರು ಬಿಟ್ಟು ಲಾಸ್ ಏಂಜಲೀಸ್‌ಗೆ ಹೋದರು, ನನಗೆ ಮೆಂಫಿಸ್ಸೇ ಬೇಕು.