ಸಮುದ್ರದಡಿಯ ಇಂಟರ್‌ನೆಟ್‌ ಕೇಬಲ್‌ ಭೂಕಂಪಮಾಪಕದ ಕೆಲಸ ಮಾಡೀತೇ?

ಕಡಲತಳ: ಭೂಕಂಪಮಾಪಕಗಳು ಹೆಚ್ಚುಕಮ್ಮಿ ಎಲ್ಲವೂ ನೆಲದ ಮೇಲಿವೆ. 2004ರ ಸುಮಾತ್ರಾ, 2011ರ ತೊಹೊಕು ಕಂಪನಗಳು ಹುಟ್ಟಿದ್ದು ಸಮುದ್ರದಡಿ. ಹಾಸಿಟ್ಟ ಕೇಬಲ್‌ನ ದಡದ ತುದಿಗೆ ಲೇಸರ್‌ ಯಂತ್ರ ಜೋಡಿಸಿ, ಗಾಜಿನೆಳೆಯೊಳಗೆ ಚದುರಿ ವಾಪಸಾಗುವ ಬೆಳಕಿನ ಫೇಸ್‌ (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದು) ಅಳೆದರೆ ಕೆಲವೇ ಮೀಟರ್‌ಗೊಂದರಂತೆ ಕಂಪನದ ದಾಖಲೆ ಸಿಗುತ್ತದೆ. ಇದೇ ಡಾಸ್‌ (ಡಿಸ್ಟ್ರಿಬ್ಯೂಟೆಡ್‌ ಅಕೌಸ್ಟಿಕ್‌ ಸೆನ್ಸಿಂಗ್‌), ಅಳತೆ ಸಿಗುವ ಒಂದೊಂದು ಜಾಗವೂ ಒಂದು ಚಾನೆಲ್‌. ಮುಂದಿನ ದಶಕದ ಸಂಶೋಧನೆಯ ಹಣ ಮೊದಲು ಇದಕ್ಕೇ ಹೋಗಬೇಕು ಎಂಬುದು ನನ್ನ ವಾದ.

ಶಿಲಾಪದರ: ಸಣ್ಣ ಕಂಪನ ಹಿಡಿಯಲು ಸರಿ. ಮುನ್ನೆಚ್ಚರಿಕೆಗೆ ನಂಬಬೇಡಿ. ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. 100 ಕಿ.ಮೀ. ಹೋಗಿಬರಲು 1 ಮಿಲಿಸೆಕೆಂಡ್‌. ಒಂದು ಪಲ್ಸ್‌ ವಾಪಸಾಗುವ ಮುನ್ನ ಇನ್ನೊಂದನ್ನು ಬಿಟ್ಟರೆ ಎರಡೂ ಕಲಸಿಹೋಗುತ್ತವೆ, ಹಾಗಾಗಿ ಸೆಕೆಂಡಿಗೆ 1000 ಪಲ್ಸ್‌ ಮಿತಿ. ಎರಡು ಪಲ್ಸ್‌ಗಳ ನಡುವೆ ಫೇಸ್‌ ಅರ್ಧ ಸುತ್ತಿಗಿಂತ ಹೆಚ್ಚು ಬದಲಾದರೆ ಎಷ್ಟು ಸುತ್ತಿತು ಎಂದು ಲೆಕ್ಕ ಸಿಗುವುದಿಲ್ಲ. 10 ಮೀಟರ್‌ ಗೇಜ್‌ ಉದ್ದಕ್ಕೆ (ಒಂದು ಅಳತೆಗೆ ತೆಗೆದುಕೊಳ್ಳುವ ಎಳೆಯ ತುಂಡು) ಆ ಅರ್ಧ ಸುತ್ತು ಎಂದರೆ ಸುಮಾರು 34 ನ್ಯಾನೊಸ್ಟ್ರೇನ್‌, ಅಂದರೆ ಉದ್ದದ ನೂರು ಕೋಟಿಯಲ್ಲಿ 34 ಭಾಗದ ಹಿಗ್ಗು, ಅಷ್ಟೇ. ಹತ್ತಿರದ ದೊಡ್ಡ ಕಂಪನದ ಎಸ್‌ ಅಲೆ (ಎರಡನೆಯದಾಗಿ ಬರುವ, ಜೋರಾಗಿ ಅಲುಗಿಸುವ ಅಲೆ) ಮೆತ್ತನೆಯ ಕೆಸರಿನಲ್ಲಿ ಇದರ ನೂರು ಪಟ್ಟು ಎಳೆಯಬಲ್ಲದು. ದಾಖಲೆ ಬೇಕಾದ ಹೊತ್ತಿಗೇ ಹಾಳು.

ಎಳೆಬೆಳಕು: ಗೇಜ್‌ ಉದ್ದ 2 ಮೀಟರ್‌ಗೆ ಇಳಿಸಿ, ಐದು ಪಟ್ಟು ಅವಕಾಶ ಸಿಗುತ್ತದೆ. ಸಣ್ಣ ಕಂಪನ ಗದ್ದಲದಲ್ಲಿ ಮುಳುಗುತ್ತದೆ ನಿಜ, ಆದರೆ ಎರಡು ಗೇಜ್‌ನ ದಾಖಲೆಯನ್ನೂ ಒಟ್ಟಿಗೇ ಲೆಕ್ಕ ಹಾಕಬಹುದು. ಮೇಲಾಗಿ ಎಚ್ಚರಿಕೆಗೆ ಎಲ್ಲಕ್ಕಿಂತ ಮುಂಚೆ ತಲುಪುವ ಪಿ ಅಲೆಯ ಮೊದಲ ಕೆಲವು ಸೆಕೆಂಡ್‌ ಸಾಕಲ್ಲವೇ?

ತರಂಗಾಂತರ: ಆ ಪಿ ಅಲೆಯಲ್ಲೇ ತೊಡಕು, ಎಳೆಬೆಳಕು ಅವರೇ. ಎಳೆ ತನ್ನ ಉದ್ದಕ್ಕೆ ಆಗುವ ಹಿಗ್ಗು ಕುಗ್ಗನ್ನು ಮಾತ್ರ ಗುರುತಿಸುತ್ತದೆ. ಪಿ ಅಲೆಗೆ ಕೋನದ ಕೊಸೈನ್‌ ವರ್ಗದಷ್ಟು ಸ್ಪಂದನೆ: 60 ಡಿಗ್ರಿಗೆ ಕಾಲು ಭಾಗ, ಲಂಬವಾಗಿ ಬಂದರೆ ಸೊನ್ನೆ. ಕೆಳಗಿನಿಂದ ನೇರ ಮೇಲೆ ಬರುವ ಪಿ ಅಲೆ ಮಲಗಿರುವ ಕೇಬಲ್‌ಗೆ ಕಾಣುವುದೇ ಕಷ್ಟ. ತೀವ್ರತೆಯ ಅಂದಾಜು ತಪ್ಪುವುದು ಇಲ್ಲೇ.

ಚಾನೆಲ್‌ ಎಲ್ಲಿದೆ ಎನ್ನುವುದೂ ಗಟ್ಟಿಯಿಲ್ಲ. ಹಾಸುವಾಗ ಕೇಬಲ್‌ ಸ್ವಲ್ಪ ಸಡಿಲ ಬಿಡುತ್ತಾರೆ, ಶೇ. 1 ಸಡಿಲವಿದ್ದರೂ 50 ಕಿ.ಮೀ.ಗೆ 500 ಮೀಟರ್‌ ವ್ಯತ್ಯಾಸ. ನೆಲದ ಮೇಲಾದರೆ ಅಲ್ಲಲ್ಲಿ ಸುತ್ತಿಗೆಯಿಂದ ಬಡಿದು ಯಾವ ಚಾನೆಲ್‌ ಎಂದು ಗುರುತು ಹಾಕಿಕೊಳ್ಳಬಹುದು. ಸಮುದ್ರದಲ್ಲಿ ಹಡಗಿನ ಏರ್‌ಗನ್‌ ಸಿಡಿತ ಬೇಕು. ಎರಡು ಬಂಡೆಗಳ ನಡುವೆ ಕೇಬಲ್‌ ನೇತಾಡುತ್ತಿದ್ದರೆ ನೀರಿನ ಸೆಳೆತಕ್ಕೆ ತಾನೇ ಕಂಪಿಸುತ್ತದೆ. ಸ್ಪೆಕ್ಟ್ರಮ್‌ನಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಕಂಪನ ಎಂಬ ನಕ್ಷೆ) ಕಿರಿದಾದ, ಚೂಪಾದ ಶಿಖರ ಕಂಡ ಚಾನೆಲ್‌ಗಳನ್ನು ತೆಗೆದುಹಾಕಿ.

ಕಡಲತಳ: ಇವೆಲ್ಲ ಸಂಶೋಧನೆಯ ಪ್ರಶ್ನೆಗಳೇ, ಕೈಬಿಡಲು ಕಾರಣಗಳಲ್ಲ. ದತ್ತಾಂಶದ ಹೊರೆ ನನಗೆ ಹೆಚ್ಚಿನ ಚಿಂತೆ. 50 ಕಿ.ಮೀ., 5 ಮೀಟರ್‌ಗೊಂದು ಚಾನೆಲ್‌, 500 ಹರ್ಟ್ಸ್‌, ಪ್ರತಿ ಅಳತೆಗೆ 4 ಬೈಟ್‌ ಎಂದರೆ ದಿನಕ್ಕೆ 1.7 ಟೆರಾಬೈಟ್‌. ಹಳೆಯದನ್ನು 50 ಹರ್ಟ್ಸ್‌ಗೆ ಇಳಿಸಿ, ಕಂಪನವಾದ ಅವಧಿಯದನ್ನು ಮಾತ್ರ ಪೂರ್ತಿ ಇಟ್ಟುಕೊಳ್ಳಬೇಕಾದೀತು.

ಶಿಲಾಪದರ: ಇಳಿಸುವ ಮೊದಲು ಫಿಲ್ಟರ್‌ ಹಾಕಿ, ಇಲ್ಲವಾದರೆ ಹಡಗಿನ ಎಂಜಿನ್‌ ಸದ್ದು ಮಡಚಿಕೊಂಡು ಭೂಕಂಪದ ಆವರ್ತನದೊಳಗೆ ಬರುತ್ತದೆ. ಇನ್ನೊಂದು ಮಾತು: ರಿಪೀಟರ್‌ನಲ್ಲಿ (ದಾರಿಯುದ್ದಕ್ಕೂ ಬೆಳಕನ್ನು ಬಲಪಡಿಸುವ ಪೆಟ್ಟಿಗೆ) ಬೆಳಕು ಹಿಂದೆ ಬರದಂತೆ ಐಸೊಲೇಟರ್‌ ಇರುತ್ತದೆ, ಹಾಗಾಗಿ ದಡದಿಂದ ನೋಡುವ ಡಾಸ್‌ ಮೊದಲ ರಿಪೀಟರ್‌ಗೇ ನಿಲ್ಲುತ್ತದೆ. ತೊಹೊಕು ಕಂಪನ ಹುಟ್ಟಿದ ಕಡೆಯ ಜಪಾನ್‌ ಕಂದಕ ದಡದಿಂದ ಸುಮಾರು 200 ಕಿ.ಮೀ. ದೂರ. ಅಲ್ಲಿ ಜಪಾನಿನ ಕಡಲತಳದ ವೀಕ್ಷಣಾ ಜಾಲವಾದ ಎಸ್‌-ನೆಟ್‌ನ 150 ನಿಲ್ದಾಣಗಳಂಥದ್ದೇ ಬೇಕು. ಇಲ್ಲವೇ ಹೊಸ ಕೇಬಲ್‌ ಹಾಕುವಾಗಲೇ ರಿಪೀಟರ್‌ ಪಕ್ಕದಲ್ಲಿ ಒತ್ತಡಮಾಪಕ, ಅಲುಗಾಟ ಅಳೆಯುವ ಆಕ್ಸೆಲೆರೋಮೀಟರ್‌ ಕೂರಿಸಬೇಕು. ನಾನಾದರೆ ಮೊದಲ ಹಣ ಅದಕ್ಕೇ ಕೊಡುತ್ತೇನೆ.

ಎಳೆಬೆಳಕು: ಆ ಕೇಬಲ್‌ 25 ವರ್ಷ ನೀರಿನಲ್ಲಿರುತ್ತದೆ, ಒತ್ತಡಮಾಪಕದ ಓದು ಅಷ್ಟು ಕಾಲ ನಿಧಾನವಾಗಿ ಜಾರುತ್ತಲೇ ಇರುತ್ತದೆ. ಸುನಾಮಿಗೆ ಅಡ್ಡಿಯಿಲ್ಲ, ಅದು ನಿಮಿಷಗಳ ಲೆಕ್ಕ. ನೆಲ ವರ್ಷಕ್ಕೆ ಸೆಂಟಿಮೀಟರ್‌ ಏರಿತೇ ಎಂದು ತಿಳಿಯಬೇಕಾದರೆ ಕ್ಯಾಲಿಬ್ರೇಷನ್‌ ವ್ಯವಸ್ಥೆಯನ್ನೂ ಒಳಗೇ ಇಡಬೇಕು.