ಸಹಾಯ ಬೇಕು: ಎಪಿಐ ಮೊದಲ ಪಾಠಗಳಿಗೆ ಕನ್ನಡದ ಉದಾಹರಣೆಗಳು

ಬಸವನಗುಡಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಪದವಿ ವಿದ್ಯಾರ್ಥಿಗಳಿಗೆ ಭಾನುವಾರಗಳಂದು ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆ) ಪರಿಚಯ ಮಾಡಿಕೊಡುತ್ತಿದ್ದೇನೆ. ಮುಂದಿನ ಪಾಠಗಳಿಗೆ ಈ ಗುಂಪಿನ ಅನುಭವಿಗಳ ನೆರವು ಬೇಕಾಗಿದೆ. ಒಂದು ತಂತ್ರಾಂಶವು ನಿಗದಿತ ವಿಳಾಸಕ್ಕೆ ಎಚ್‌ಟಿಟಿಪಿ (ವೆಬ್‌ನ ಸಂವಹನ ನಿಯಮ) ಮೂಲಕ ಕೋರಿಕೆ ಕಳುಹಿಸಿದರೆ ಸರ್ವರ್ ಸಾಮಾನ್ಯವಾಗಿ ಜೇಸನ್ ಎಂಬ ಸರಳ ಪಠ್ಯ ರೂಪದಲ್ಲಿ ಉತ್ತರಿಸುತ್ತದೆ ಎಂಬಷ್ಟು ಅವರಿಗೆ ತಿಳಿದಿದೆ. 200 (ಯಶಸ್ವಿ), 404 (ಸಿಗಲಿಲ್ಲ) ಎಂಬ ಸ್ಥಿತಿ ಸಂಕೇತಗಳೂ ಪರಿಚಿತವಾಗಿವೆ.

ಅಭ್ಯಾಸಕ್ಕೆ ಕನ್ನಡ ವಿಕಿಪೀಡಿಯದ ಎಪಿಐ ಆರಿಸಿಕೊಂಡಿದ್ದೇನೆ. ಓದುವುದಕ್ಕೆ ಕೀಲಿ (ಬಳಕೆದಾರರನ್ನು ಗುರುತಿಸುವ ಗುಪ್ತ ಸಂಕೇತ) ಬೇಡವಾದ್ದರಿಂದ ಆರಂಭಿಕರಿಗೆ ಅದಕ್ಕಿಂತ ಸೂಕ್ತವಾದದ್ದು ನನಗೆ ಕಾಣದು. ಆದರೆ ‘ಬೆಂಗಳೂರು’ ಎಂಬ ಶೀರ್ಷಿಕೆಯ 8 ಯೂನಿಕೋಡ್ ಸಂಕೇತಗಳು (ಅಕ್ಷರ, ಸ್ವರಚಿಹ್ನೆ, ಅನುಸ್ವಾರಗಳಿಗೆ ಒಂದೊಂದು) ಯುಟಿಎಫ್-8 ಎಂಬ ಪಠ್ಯ ಸಂಗ್ರಹ ಪದ್ಧತಿಯಲ್ಲಿ ತಲಾ 3 ಬೈಟ್‌ನಂತೆ 24 ಬೈಟ್ ಆಗಿ, ಯುಆರ್‌ಎಲ್‌ನಲ್ಲಿ (ಜಾಲ ವಿಳಾಸದಲ್ಲಿ) ಬೈಟ್‌ಗೆ ಮೂರರಂತೆ ಶೇಕಡಾ ಚಿಹ್ನೆಗಳಿಂದ ತುಂಬಿದ 72 ಅಕ್ಷರಗಳ ಸಾಲಾಗುವುದನ್ನು ಕಂಡು ವಿದ್ಯಾರ್ಥಿಗಳು ಗಾಬರಿಯಾಗುತ್ತಾರೆ. (ಇಂಗ್ಲಿಷ್ ಶೀರ್ಷಿಕೆಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ.) ಇದಕ್ಕಿಂತ ಕಠಿಣವಾದದ್ದು ಕಾರ್ಸ್ (ಬೇರೆ ತಾಣದ ಉತ್ತರವನ್ನು ಪುಟವೊಂದು ಓದಬಹುದೇ ಎಂಬುದರ ಬ್ರೌಸರ್ ನಿಯಮ): ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಟೈಪ್ ಮಾಡಿದಾಗ ಕಾಣುವ ಉತ್ತರವನ್ನು, ತಾವೇ ಬರೆದ ಪುಟದ ಜಾವಾಸ್ಕ್ರಿಪ್ಟ್ ಓದಹೋದಾಗ ಬ್ರೌಸರ್ ಏಕೆ ತಡೆಯುತ್ತದೆ ಎಂಬುದನ್ನು ಸರಳವಾಗಿ ಹೇಗೆ ವಿವರಿಸಬಹುದು?

ಕೀಲಿ ಬೇಕಾಗುವ ಎಪಿಐಗಳಿಗೆ ಹೋಗುವ ಮುನ್ನ, ಪುಟದೊಳಗೆ ಬರೆದ ಕೀಲಿಯನ್ನು ಯಾರು ಬೇಕಾದರೂ ನೋಡಬಲ್ಲರು ಎಂಬುದನ್ನು ತೋರಿಸುವ ಚಿಕ್ಕ ಅಭ್ಯಾಸವೂ ಬೇಕು. ಪಾಠ ಮಾಡಿದ ಅನುಭವವಿರುವವರು ತಮ್ಮ ಟಿಪ್ಪಣಿ ಅಥವಾ ಮಾದರಿ ಕೋಡ್ ಹಂಚಿಕೊಳ್ಳಬೇಕೆಂದು ಕೋರುತ್ತೇನೆ. ವಿವರಣೆ ಕನ್ನಡದಲ್ಲಿದ್ದರೆ ಹೆಚ್ಚು ಅನುಕೂಲ.