ಮನೆಯ ಕಂಪ್ಯೂಟರ್ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯುವುದು ಹೇಗೆ? ಮಾಡಿ ನೋಡಿದವರು ಹೇಳಿ

ಹಾಸನದಿಂದ ಪ್ರಶ್ನೆ:
ನಾನು ಸಿವಿಲ್ ಎಂಜಿನಿಯರ್. ಮನೆಯಲ್ಲೇ ಕೂತು ಪ್ಲಾನ್, 3ಡಿ ಎಲಿವೇಶನ್ ಮಾಡಿಕೊಡುತ್ತೇನೆ. ವರ್ಷಕ್ಕೆ ಸುಮಾರು 14 ಲಕ್ಷ ಬರುತ್ತದೆ, ಎಲ್ಲಾ ಬ್ಯಾಂಕ್ ಮೂಲಕವೇ. ಹೋದ ನವೆಂಬರ್‌ನಲ್ಲಿ 80,000 ಕೊಟ್ಟು ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸಿದೆ. ಹಗಲು ನನ್ನ ಕೆಲಸ, ಸಂಜೆ ಮಗಳ ಆನ್‌ಲೈನ್ ಕ್ಲಾಸು. 2025-26ರ ರಿಟರ್ನ್‌ನಲ್ಲಿ ಪೂರ್ತಿ 80,000 ಖರ್ಚು ಅಂತ ತೋರಿಸಬಹುದಾ? ಹೊಸ ತೆರಿಗೆ ಪದ್ಧತಿಯಲ್ಲಿ ಏನೂ ಸಿಗುವುದಿಲ್ಲ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ.

ಮೈಸೂರಿನಿಂದ, ಅನುವಾದದ ಕೆಲಸ ಮಾಡುವವರು:
ಸರ್, ಒಂದೇ ವರ್ಷದಲ್ಲಿ ಪೂರ್ತಿ ಕಳೆಯಲು ಆಗುವುದಿಲ್ಲ. ಕಂಪ್ಯೂಟರ್ ನಾಲ್ಕಾರು ವರ್ಷ ಬಾಳುವ ಆಸ್ತಿ, ಅದಕ್ಕೆ ವರ್ಷ ವರ್ಷ ಸವಕಳಿ ಕಳೆಯಬೇಕು. ಆಡಿಟರ್‌ಗಳ ಬಾಯಲ್ಲಿ ಡಿಪ್ರಿಸಿಯೇಷನ್ ಅನ್ನುವುದು ಇದನ್ನೇ. ಕಂಪ್ಯೂಟರ್‌ಗೂ ಅದರ ಸಾಫ್ಟ್‌ವೇರ್‌ಗೂ ದರ 40%. ಆದರೆ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅರ್ಧ, ಅಂದರೆ 20% ಮಾತ್ರ. ಅಕ್ಟೋಬರ್ 3ರೊಳಗೆ ತಂದು ಕೆಲಸ ಶುರು ಮಾಡಿದ್ದರೆ ಪೂರ್ತಿ ಸಿಗುತ್ತಿತ್ತು. ನಿಮ್ಮದು ನವೆಂಬರ್, ಹಾಗಾಗಿ 16,000. ಅದರಲ್ಲೂ ಮಗಳು ಬಳಸುವ ಪಾಲು ಬಿಡಬೇಕು. ಮುಕ್ಕಾಲು ಭಾಗ ನಿಮ್ಮ ಕೆಲಸಕ್ಕೆ ಅಂತಾದರೆ 12,000. ನಾನು ಒಂದು ವಾರ ದಿನಕ್ಕೆಷ್ಟು ಗಂಟೆ ಯಾರು ಕೂತರು ಅಂತ ಹಳೇ ಡೈರಿಯಲ್ಲಿ ಬರೆದಿಟ್ಟೆ, ಆ ಹಾಳೆಯನ್ನೇ ಬಿಲ್ ಜೊತೆ ಪಿನ್ ಮಾಡಿದ್ದೇನೆ. ಯಾರಾದರೂ ಕೇಳಿದರೆ ತೋರಿಸಲು ಏನಾದರೂ ಕೈಯಲ್ಲಿರಬೇಕಲ್ವಾ.

ನಿಮ್ಮ ಗೆಳೆಯರು ಹೇಳಿದ್ದು ಸರಿಯಲ್ಲ. ಹೊಸ ಪದ್ಧತಿಯಲ್ಲಿ ಹೋಗುವುದು 80ಸಿ ತರಹದವು, ಅಂದರೆ ವಿಮೆ, ಪಿಪಿಎಫ್‌ನಂಥ ಉಳಿತಾಯಕ್ಕೆ ಸಿಗುವ ವಿನಾಯಿತಿಗಳು. ಸ್ವಂತ ಕೆಲಸದ ಖರ್ಚು, ಮಾಮೂಲಿ ಸವಕಳಿ ಎರಡೂ ಅಲ್ಲೂ ಉಂಟು.

ಇನ್ನು ನನಗಾದ ನಷ್ಟ ಹೇಳುತ್ತೇನೆ, ನಿಮಗೆ ಆಗಬಾರದು ಅಂತ. 2019ರಲ್ಲಿ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ 42,000 ನೋಟು ಎಣಿಸಿ ಕೊಟ್ಟು ಕಂಪ್ಯೂಟರ್ ತಂದೆ. ನಗದಾದರೆ ಸ್ವಲ್ಪ ಕಡಿಮೆ ಮಾಡುತ್ತೇವೆ ಅಂದಿದ್ದರು. ಆಡಿಟರ್ ಹತ್ತಿರ ಹೋದಾಗ ಅವರು ಬಿಲ್ ತಿರುಗಿಸಿ ನೋಡಿ, ಇದು ಬರುವುದಿಲ್ಲ ಅಂದುಬಿಟ್ಟರು. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟು ಆಸ್ತಿ ಕೊಂಡರೆ ಆ ಹಣ ಅದರ ಬೆಲೆಯ ಲೆಕ್ಕಕ್ಕೇ ಬರುವುದಿಲ್ಲವಂತೆ. ಒಂದು ರೂಪಾಯಿ ಸವಕಳಿಯೂ ಸಿಗಲಿಲ್ಲ. ಅಂಗಡಿಯಲ್ಲಿ ಉಳಿಸಿದ್ದು 1,500, ಆಮೇಲೆ ಕಳೆದುಕೊಂಡದ್ದು ಅದರ ಎಷ್ಟೋ ಪಟ್ಟು. ನೀವು ಯುಪಿಐ ಅಥವಾ ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಚಿಂತೆಯಿಲ್ಲ.

ಬಿಲ್ ನಿಮ್ಮ ಹೆಸರಲ್ಲೇ ಇದೆಯಾ ನೋಡಿ. ತಮ್ಮನ ಅಕೌಂಟ್‌ನಿಂದ ಆನ್‌ಲೈನ್‌ನಲ್ಲಿ ತರಿಸಿ, ಬಿಲ್ ತಮ್ಮನ ಹೆಸರಲ್ಲಿ ಬಂದು ಒದ್ದಾಡಿದವರು ನನಗೇ ಇಬ್ಬರು ಗೊತ್ತು. ಬಿಲ್ಲನ್ನು ಇವತ್ತೇ ಸ್ಕ್ಯಾನ್ ಮಾಡಿ. ಆ ನುಣುಪು ಕಾಗದದ ಬಿಲ್ ಬೀರುವಿನಲ್ಲಿ ಎರಡು ಬೇಸಿಗೆ ಕಳೆದರೆ ಬರೀ ಬಿಳಿ ಹಾಳೆ. ನನ್ನ ಪ್ರಿಂಟರ್ ಬಿಲ್‌ನಲ್ಲಿ ಈಗ ಉಳಿದಿರುವುದು ಅಂಗಡಿಯ ಸೀಲ್ ಒಂದೇ.

ಹುಬ್ಬಳ್ಳಿಯಿಂದ, ಆರ್ಕಿಟೆಕ್ಟ್:
ಮೇಲಿನವರು ಹೇಳಿದ್ದೆಲ್ಲಾ ಲೆಕ್ಕದ ಪುಸ್ತಕ ಇಟ್ಟು ಐಟಿಆರ್-3 ರಿಟರ್ನ್ ಫಾರಂ ತುಂಬುವವರಿಗೆ ಸರಿ. ಆದರೆ ಸರ್, ನೀವು ಎಂಜಿನಿಯರ್, ನಿಮಗೆ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಂ ಇದೆ. ಮೊದಲು ಅದನ್ನು ನೋಡಿ. ವಕೀಲರು, ಡಾಕ್ಟರು, ಎಂಜಿನಿಯರು, ಆರ್ಕಿಟೆಕ್ಟ್, ಇಂಟೀರಿಯರ್ ಡೆಕೊರೇಶನ್ ಮಾಡುವವರು, ಹೀಗೆ ಕೆಲವು ವೃತ್ತಿಗಳಿಗೆ ಮಾತ್ರ ಈ ದಾರಿ. ಬಂದ ಹಣದ ಅರ್ಧ ಲಾಭ ಅಂತ ತೋರಿಸಿದರೆ ಸಾಕು, ಪುಸ್ತಕ ಬೇಡ, ಐಟಿಆರ್-4ರಲ್ಲಿ ಮುಗಿಯುತ್ತದೆ. ಮಿತಿ 50 ಲಕ್ಷ, ನಗದಾಗಿ ಬಂದದ್ದು 5% ಮೀರದಿದ್ದರೆ 75 ಲಕ್ಷ.

ನಿಮ್ಮ 14 ಲಕ್ಷಕ್ಕೆ ಲಾಭ 7 ಲಕ್ಷ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. ಬೇರೆ ಆದಾಯ ಇಲ್ಲದಿದ್ದರೆ ನೀವು ಕಟ್ಟುವುದು ಏನೂ ಇಲ್ಲ, ಗಿರಾಕಿಗಳು ಮುರಿದುಕೊಂಡ 10% ಟಿಡಿಎಸ್ ವಾಪಸ್ ಬರುತ್ತದೆ. ಹಾಗಿರುವಾಗ 12,000 ಸವಕಳಿಗೆ ತಲೆ ಕೆಡಿಸಿಕೊಳ್ಳುವುದು ಯಾಕೆ? ಆ ಉಳಿದ ಅರ್ಧದಲ್ಲೇ ಕಂಪ್ಯೂಟರ್, ಕರೆಂಟು, ಇಂಟರ್ನೆಟ್ ಎಲ್ಲಾ ಬಂತು ಅಂತ ಕಾಯ್ದೆಯೇ ಹೇಳುತ್ತದೆ. ಮೇಲಿಂದ ಮತ್ತೆ ಕಳೆಯುವ ಹಾಗಿಲ್ಲ. ನನ್ನ ಪರಿಚಯದ ಹುಡುಗನೊಬ್ಬ ಅರ್ಧ ಬಿಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಸವಕಳಿಯನ್ನೂ ಕಳೆದು ತುಂಬಲು ಹೊರಟಿದ್ದ, ಕೊನೇ ಗಳಿಗೆಯಲ್ಲಿ ತಡೆದೆ. 50%ಗಿಂತ ಕಡಿಮೆ ಲಾಭ ತೋರಿಸಬೇಕೆಂದರೆ ಪುಸ್ತಕ ಇಡಬೇಕು, ಒಟ್ಟು ಆದಾಯ ಮೂಲ ವಿನಾಯಿತಿ ಮಿತಿ (ರಿಬೇಟ್‌ನ 12 ಲಕ್ಷ ಅಲ್ಲ) ದಾಟಿದ್ದರೆ ಆಡಿಟ್ ಕೂಡ ಮಾಡಿಸಬೇಕು. ಆಡಿಟ್ ಫೀಸ್ ನೆನಪಿರಲಿ.

ಉಡುಪಿಯಿಂದ:
ಪುಸ್ತಕ ಇಡುವವರಿಗೆ ಒಂದೆರಡು ಮಾತು. ಟೇಬಲ್, ಕುರ್ಚಿಗೆ 40% ಅಲ್ಲ, 10%. ಬ್ಯಾಟರಿ ಬದಲಿಸಿದ್ದು, ಕೀಬೋರ್ಡ್ ಸರಿ ಮಾಡಿಸಿದ್ದು ರಿಪೇರಿ, ಅದೇ ವರ್ಷ ಖರ್ಚಿಗೆ ಹಾಕಬಹುದು. ಇಎಂಐನಲ್ಲಿ ಕೊಂಡರೂ ಸವಕಳಿ ಪೂರ್ತಿ ಬೆಲೆಯ ಮೇಲೆ, ಕಟ್ಟಿದ ಕಂತಿನ ಮೇಲಲ್ಲ. ಬಡ್ಡಿ ಬೇರೆ ಖರ್ಚು. ಜಿಎಸ್‌ಟಿ ನೋಂದಣಿ ಇದ್ದು, ಕೊಳ್ಳುವಾಗ ಕಟ್ಟಿದ 18% ಜಿಎಸ್‌ಟಿಯ ಕ್ರೆಡಿಟ್ ತೆಗೆದುಕೊಂಡಿದ್ದರೆ ಅದನ್ನು ಬೆಲೆಯಿಂದ ಬಿಟ್ಟೇ ಸವಕಳಿ ಹಾಕಿ.

ಹಾಸನದಿಂದ:
ತುಂಬಾ ಉಪಕಾರವಾಯಿತು. ಯುಪಿಐನಲ್ಲೇ ಕೊಟ್ಟಿದ್ದೆ, ಬಿಲ್ ನನ್ನ ಹೆಸರಲ್ಲೇ ಇದೆ. 44ಎಡಿಎ ಮಾಡುತ್ತೇನೆ. ಇನ್ನೊಂದೇ ಪ್ರಶ್ನೆ. ಮುಂದೆ ಇಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡು ಖರ್ಚು ಜಾಸ್ತಿಯಾಗಿ ಪುಸ್ತಕದ ದಾರಿಗೆ ಬಂದರೆ, ಈಗ ಬಿಟ್ಟ ಸವಕಳಿಯನ್ನು ಆಗ ತೆಗೆದುಕೊಳ್ಳಬಹುದಾ?

ಹುಬ್ಬಳ್ಳಿಯಿಂದ, ಆರ್ಕಿಟೆಕ್ಟ್:
ದಾರಿ ಬದಲಿಸಲು ಅಡ್ಡಿಯಿಲ್ಲ, ವ್ಯಾಪಾರದವರ ಇಂಥದೇ ಕಲಂ 44ಎಡಿಗೆ ಇರುವ, ಮಧ್ಯೆ ಬಿಟ್ಟರೆ 5 ವರ್ಷ ಮತ್ತೆ ಬರುವ ಹಾಗಿಲ್ಲ ಅನ್ನುವ ಕಟ್ಟು ನಮಗಿಲ್ಲ. ಆದರೆ ಬಿಟ್ಟ ಸವಕಳಿ ವಾಪಸ್ ಬರುವುದಿಲ್ಲ. ಈ ವರ್ಷಗಳಲ್ಲೂ ಸವಕಳಿ ಕಳೆದಾಗಿದೆ ಅಂತಲೇ ಲೆಕ್ಕ. ಪೂರ್ತಿ ಕೆಲಸಕ್ಕೇ ಬಳಸಿದ್ದು ಅಂತ ಹಿಡಿದರೆ 80,000ದಲ್ಲಿ ಈ ಸಲ 16,000 ಹೋಗಿ 64,000, ಬರುವ ವರ್ಷ ಅದರ 40% ಅಂದರೆ 25,600 ಹೋಗಿ 38,400. ಆಮೇಲೆ ಪುಸ್ತಕ ಶುರು ಮಾಡಿದರೆ ಅಲ್ಲಿಂದಲೇ ಹಿಡಿಯಬೇಕು. ಅದಕ್ಕೇ ಬಿಲ್ ಎಸೆಯಬೇಡಿ, ಈ ಅಂಕಿಗಳನ್ನು ಅದರ ಹಿಂದೆಯೇ ಬರೆದಿಡಿ. ಇನ್ನೊಂದು, 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಕಲಂಗಳ ನಂಬರ್ ಬದಲಾಗಿವೆ. ಈ ರಿಟರ್ನ್ 2025-26ರದ್ದಾದ್ದರಿಂದ ಹಳೇ ಕಾಯ್ದೆಯೇ, ಬರುವ ವರ್ಷ ಆಡಿಟರ್ ಹತ್ತಿರ ಮಾತಾಡುವಾಗ 44ಎಡಿಎ ಅನ್ನುವ ಬದಲು ವೃತ್ತಿಯವರ ಅರ್ಧ ಲಾಭದ ಲೆಕ್ಕ ಅಂತಲೇ ಕೇಳಿ.